ಕಲ್ಲಿಗೆ ಬಿದ್ದ ಬೆಳಕು

"ಗುರುವೇ, ಜೀಬ್ರಾ ಪಟ್ಟೆ ಹತ್ರ ಲೈಟು ಹಗಲಿನಂಗೆ ಉರೀತೈತೆ. ಒಂದು ನರಪಿಳ್ಳೆನೂ ಕಾಣ್ತಿಲ್ಲ. ಆದ್ರೂ ಯಾಕೆ ಗಾಡಿ ನಿಧಾನ ಮಾಡು ಅಂತೀರಾ?"

ಲಾರಿ ಕಲಿಯಾಕೆ ಬಂದ ಬೋರಲಿಂಗ ಕೇಳಿದ ಮಾತು ಇದು. ಹೆಂಡ್ತಿ ಮಕ್ಕಳಿರೋ ಗಂಡಸು, ಬುದ್ಧಿ ಮಾತ್ರ ಇನ್ನೂ ಎಳಸು. ನಾನು ಮೀಸೆ ಬರೋಕ್ ಮುಂಚೆನೇ ಸ್ಟೇರಿಂಗ್ ಹಿಡಿದೋನು. ನನ್ನ ಕೈಯಲ್ಲಿ ಪಳಗಿದೋರು ಬೊಂಬಾಯಿ, ಕಲ್ಕತ್ತಾ ಎಲ್ಲಾ ಕಡೆ ಓಡಿಸ್ತಾವ್ರೆ. ಗಾಡಿ ಸೈಡಿಗೆ ಹಾಕ್ಸಿ ಹೇಳ್ದೆ:

ಕೇಳಲೇ. ಈ ಸ್ಟೇರಿಂಗ್ ಮುಟ್ಟಿ ಹೇಳ್ತೀನಿ, ನಮ್ಮಪ್ಪನಾಣೆ ಇದು ನಡೆದಿದ್ದು. ಒಂದಕ್ಷರ ಸೇರ್ಸಿಲ್ಲ.

ಹೈವೇ ಮೇಲೆ ಒಂದೂರು. ಈ ಕಡೆ ಮನೆಗಳು, ಆ ಕಡೆ ಬಟ್ಟೆ ಹೊಲಿಯೋ ಫ್ಯಾಕ್ಟ್ರಿ. ಕತ್ತಲಾದ ಮೇಲೆ ಶಿಫ್ಟು ಬಿಡೋದು. ಹೆಣ್ಮಕ್ಕಳು ಮೊಬೈಲ್ ಬೆಳಕು ಆಡಿಸ್ಕೊಂಡು ರಸ್ತೆ ದಾಟೋರು. ಅವರಲ್ಲಿ ಒಬ್ಬಾಕೆ ದಿನಾ ಕೈ ಅಡ್ಡ ಹಿಡಿದು ನಿಂತು, ಮಿಕ್ಕೋರನ್ನೆಲ್ಲ ದಾಟ್ಸಿ, ತಾನು ಕೊನೇಲಿ ಬರೋಳು. ಅವಳೇ ಮನೆಮನೆ ತಿರುಗಿ, "ಪಟ್ಟೆ ಹತ್ರ ಒಂದು ದೀಪ ಹಾಕ್ಸಿ ಅಣ್ಣಾ" ಅಂತ ಬೇಡ್ಕೊಂಡ್ಳು.

ಒಬ್ಬ ವ್ಯಾಪಾರಿ ಮುಂದೆ ಬಂದು ಚಂದಾ ಎತ್ತಿದ. ಎರಡು ಕಂಬಕ್ಕಾಗೋಷ್ಟು ದುಡ್ಡು ಸೇರ್ತು. ಒಂದು ಕಂಬ ನಿಲ್ಸಿದ್ರು. ಮಿಕ್ಕಿದ್ದರಲ್ಲಿ ಪಕ್ಕಕ್ಕೆ ಒಂದು ಕಲ್ಲು ನೆಟ್ರು, ನುಣ್ಣಗೆ ಪಾಲಿಷ್ ಮಾಡ್ಸಿ ದಾನಿಗಳ ಹೆಸರು ಕೆತ್ಸಿದ್ದು. ಲೈಟಿನೋನು ಏಣಿ ಮೇಲಿಂದ ಕೇಳ್ದ, "ಯಜಮಾನ್ರೇ, ಲೈಟಿನ ಮುಖ ಯಾವ ಕಡೆಗೆ?"

"ಕಲ್ಲಿನ ಕಡೆ ತಿರುಗ್ಸೋ. ದುಡ್ಡು ಕೊಟ್ಟೋರ ಹೆಸರು ಕತ್ತಲಲ್ಲಿರ್ಬೇಕೇನು?"

"ನಾವು ದಾಟೋದು ಈ ಕಡೆ ಅಣ್ಣಾ," ಅಂದ್ಳು ಆಕೆ.

"ಪಕ್ಕದಲ್ಲೇ ಬೆಳಕೈತಲ್ಲಮ್ಮ. ನಿನ್ನ ಮುಖಕ್ಕೇ ಫೋಕಸ್ ಬಿಡ್ಬೇಕಾ, ಸಿನಿಮಾದೋಳಿಗೆ ಬಿಟ್ಟಂಗೆ?"

ನಿಂತೋರೆಲ್ಲ ನಕ್ರು. ಆಕೆನೂ ನಕ್ಕಳು.

ದೀಪ ಬಂತಲ್ಲ ಅಂತ ಹೆಣ್ಮಕ್ಕಳು ಮೊಬೈಲ್ ಬ್ಯಾಗಿಗೆ ಹಾಕ್ಕೊಂಡ್ರು. ಆ ಕಲ್ಲೋ, ಬೆಳಕು ಬಿದ್ರೆ ಕನ್ನಡಿ ಥರ ಕಣ್ಣಿಗೆ ಹೊಡೆಯೋದು. ಪಕ್ಕದ ಪಟ್ಟೆ ಮೊದಲಿಗಿಂತ ಕಪ್ಪು. ಒಂದಿನ ಎಲ್ಲರನ್ನೂ ದಾಟ್ಸಿ ಆಕೆ ಕೊನೇಲಿ ಹೊರಟ್ಳು. ಲಾರಿ ಬಂತು.

ಸತ್ತೋಳ ಪಕ್ಕ ಕೂತು ಡ್ರೈವರ್ ಎದೆ ಎದೆ ಬಡ್ಕೊಂಡ. "ಕಲ್ಲಿನ ಮೇಲಿನ ಹೆಸರೆಲ್ಲ ಕಾಣಿಸ್ತು ಸಾಮೀ. ಈ ತಾಯಿ ಕಾಣಿಸ್ಲಿಲ್ಲ."

ಬೋರಲಿಂಗ ಎಂಜಿನ್ ಆಫ್ ಮಾಡ್ದ. ಮೆತ್ತಗೆ ಕೇಳ್ದ, "ಆ ಡ್ರೈವರ್ ನೀವೇನಾ ಗುರುವೇ?"

"ಥೂ, ನನ್ನ ಗಾಡಿಗೆ ಇವತ್ತಿಗೂ ಒಂದು ಕೋಳಿ ಸಿಕ್ಕಿಲ್ಲ. ಆ ಕಲ್ಲಲ್ಲಿ ಮೇಲಿಂದ ಎರಡನೇ ಹೆಸರು ನಂದು, ಐದು ಸಾವಿರದ ಒಂದು ರೂಪಾಯಿ."