ಕೆಂಪು ರಟ್ಟಿನ ತಪ್ಪಿನ ಪುಸ್ತಕ

ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂವಹನ ವಿಭಾಗವಿತ್ತು. ಎರಡು ಕೋಣೆ, ಹದಿನಾರು ವಿದ್ಯಾರ್ಥಿಗಳು, ಸದಾ ಕೆಮ್ಮುವ ಒಂದು ಪ್ರಿಂಟರ್. ಮುಖ್ಯಸ್ಥರು ಮಹಾಂತಪ್ಪನವರು, ಅಟೆಂಡರ್ ಹುಸೇನಸಾಬರು. ಪ್ರತಿ ಸೋಮವಾರ ಮಕ್ಕಳು ನಾಲ್ಕು ಪುಟದ ಪತ್ರಿಕೆ ಹೊರತಂದು ಬಸ್ ನಿಲ್ದಾಣದಲ್ಲಿ ಹಂಚುತ್ತಿದ್ದರು.

ಆ ವಿಭಾಗಕ್ಕೆ ಒಂದು ಪದ್ಧತಿಯಿತ್ತು. ಪತ್ರಿಕೆಯಲ್ಲಿ ತಪ್ಪು ಬಂದರೆ, ಬರೆದ ವಿದ್ಯಾರ್ಥಿಯೇ ಸಂಬಂಧಪಟ್ಟವರ ಮನೆಗೆ ಹೋಗಬೇಕು. ತಪ್ಪಾಯಿತೆಂದು ಹೇಳಿ ಬೈಸಿಕೊಳ್ಳಬೇಕು. ಬಂದು ಕೆಂಪು ರಟ್ಟಿನ ದಪ್ಪ ಪುಸ್ತಕದಲ್ಲಿ ಬರೆಯಬೇಕು: ಏನು ತಪ್ಪು, ತಪ್ಪೆಂದು ಯಾರು ಹೇಳಿದರು, ಯಾವಾಗ ತಿದ್ದಿದೆವು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಸೇರಿಸಿ ಮೂರನೆಯ ಅಂಕಣ ತುಂಬುವ ತನಕ ಆ ಸಂಚಿಕೆ ಅಚ್ಚಿಗೆ ಹೋಗುತ್ತಿರಲಿಲ್ಲ.

ಈ ಪುಸ್ತಕ ಶುರುಮಾಡಿದವರು ಮಹಾಂತಪ್ಪನವರೇ. ಅದರಲ್ಲಿದ್ದ ಮೊದಲ ತಪ್ಪೂ ಅವರದೇ. ಬಜಾರದ ಗುರುಸಿದ್ದವ್ವ ತೀರಿಕೊಂಡಳೆಂದು ಬರೆದುಬಿಟ್ಟಿದ್ದರು. ಆಕೆ ಖುದ್ದಾಗಿ ಬಂದು ಹೇಳಿದ ಮಾತೂ ಅಲ್ಲೇ ದಾಖಲಾಗಿತ್ತು: "ಸತ್ತಾಗ ನಾನೇ ಹೇಳಿ ಕಳಿಸ್ತೀನಪಾ ಮಾಸ್ತರ. ಅಲ್ಲೀತನಕ ತಡಕೋ."

ಒಂದು ವರ್ಷ ಮೇಲಿನ ಕಚೇರಿಯಿಂದ ಪತ್ರ ಬಂತು. ವಿಭಾಗವನ್ನು ತೂಗಿ ನೋಡಲು ತಜ್ಞರೊಬ್ಬರು ಬರುತ್ತಾರೆ. ಅವರು ಮೆಚ್ಚಿದರೆ ವಿಭಾಗದ ಪದವಿ ಕೋರ್ಸು ಉಳಿಯುತ್ತದೆ. ಇಲ್ಲವಾದರೆ ಇನ್ನು ಹೊಸಬರನ್ನು ಸೇರಿಸುವಂತಿಲ್ಲ.

ವಿಭಾಗವೆಲ್ಲ ಹೆಣ್ಣು ನೋಡಲು ಬರುವ ದಿನದ ಮನೆಯಂತಾಯಿತು. ಗೋಡೆಗೆ ಸುಣ್ಣ ಬಿತ್ತು. ಮದುವೆ ಫೋಟೋ ತೆಗೆಯುವವನಿಂದ ಎರಡು ಕ್ಯಾಮೆರಾ ಕೇಳಿ ತಂದದ್ದಾಯಿತು. ಪ್ರಶ್ನೆಗಳನ್ನು ಊಹಿಸಿ ಉತ್ತರಗಳನ್ನು ಬಾಯಿಪಾಠ ಮಾಡಿದ್ದಾಯಿತು. ಆಗ ಮಹಾಂತಪ್ಪನವರ ಕಣ್ಣು ಕೆಂಪು ಪುಸ್ತಕದ ಮೇಲೆ ಬಿತ್ತು. ಇಪ್ಪತ್ತೆರಡು ವರ್ಷಗಳ ತಪ್ಪು, ದಿನಾಂಕ ಸಮೇತ.

"ಹುಸೇನಸಾಬ್, ಇದನ್ನ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಪಾ."

"ಯಾಕ್ರೀ ಸರ? ಬಂದವ್ರಿಗೆಲ್ಲಾ ಮೊದಲು ಇದನ್ನೇ ತೋರಸ್ತಿದ್ರಿ."

"ಬೀಗರು ಬಂದಾಗ ಯಾರರ ಹರಕ ಕೌದಿ ಹಾಸ್ತಾರೇನು?"

"ಕೌದಿ ಹರದಿಲ್ರೀ ಸರ. ಹೊಲಿಗಿ ಕಾಣಸ್ತಾವ, ಅಷ್ಟೇ."

ಮಹಾಂತಪ್ಪನವರು ತಾವೇ ಪುಸ್ತಕವನ್ನು ಒಳಗಿಟ್ಟು ಕೀಲಿಕೈ ಜೇಬಿಗೆ ಹಾಕಿಕೊಂಡರು.

ಮರುದಿನ ತಜ್ಞೆ ನಳಿನಾಕ್ಷಿ ಮೇಡಂ ಬಂದರು. ಅರವತ್ತು ದಾಟಿದ ಹೆಂಗಸು, ಚಪ್ಪಲಿಗೆ ನಾಲ್ಕಾರು ಊರಿನ ಧೂಳು. ಕ್ಯಾಮೆರಾ ಎತ್ತಿ ತಿರುಗಿಸಿದರು. ಕೊರಳಿಗೆ ಹಾಕುವ ಪಟ್ಟಿಯ ಮೇಲೆ ಮದುವೆ ಸ್ಟುಡಿಯೋದ ಹೆಸರು ಹಾಗೇ ಇತ್ತು. ಓದಿ ಕೆಳಗಿಟ್ಟರು. ಮಕ್ಕಳು ಮಗ್ಗಿ ಒಪ್ಪಿಸಿದಂತೆ ಉತ್ತರ ಒಪ್ಪಿಸಿದರು. ಕೊನೆಗೆ ಮೇಡಂ ಕೈಯಲ್ಲಿದ್ದ ಕಾಗದ ಮಡಚಿ, ಅದೇ ಕಪಾಟಿಗೆ ಒರಗಿ ನಿಂತರು.

"ಸರ್, ಇದು ಕಾಗದದಲ್ಲಿಲ್ಲ, ನನ್ನದೇ ಪ್ರಶ್ನೆ. ನಿಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಏನು ಮಾಡ್ತೀರಿ?"

ಬಾಯಿಪಾಠ ಮಾಡಿದ ಮಹಾಂತಪ್ಪನವರ ನಾಲಿಗೆ ಮನಸ್ಸಿಗಿಂತ ಮೊದಲು ಓಡಿತು. "ನಮ್ಮಲ್ಲಿ ತಪ್ಪು ಆಗೋದೇ ಇಲ್ಲ ಮೇಡಂ."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹುಸೇನಸಾಬರು ನೆಲ ನೋಡಿದರು. ಹದಿನಾರು ಮಕ್ಕಳೂ ನೆಲ ನೋಡಿದರು.

ಕಾರು ಹತ್ತುವಾಗ ಮೇಡಂ ಹೇಳಿದರು: "ನಾನು ಬಹಳ ಊರು ತಿರುಗಿದವಳು ಸರ್. ಕ್ಯಾಮೆರಾ ಎಲ್ಲಾ ಕಡೆ ಇವೆ. ಕೆಲವು ಕಡೆ ಸ್ವಂತದ್ದೂ ಇವೆ. 'ತಪ್ಪಾಯ್ತು' ಅನ್ನೋದನ್ನ ಮಕ್ಕಳಿಗೆ ಕಲಿಸೋ ಒಂದು ವಿಭಾಗ ಸಿಕ್ಕಿದ್ದರೆ, ಬೇರೇನೂ ನೋಡದೆ ಉಳಿಸಿ ಅಂತ ಬರೀತಿದ್ದೆ. ಇನ್ನೂ ಸಿಕ್ಕಿಲ್ಲ."

ಮಹಾಂತಪ್ಪನವರ ಕೈ ಜೇಬಿಗೆ ಹೋಯಿತು. ಕೀಲಿಕೈ ಬೆಚ್ಚಗಿತ್ತು. ಕಪಾಟು ಮೂವತ್ತು ಹೆಜ್ಜೆ ದೂರ. ಆದರೆ ಪುಸ್ತಕ ತರುವ ಮೊದಲು ಒಂದು ಮಾತು ಹೇಳಬೇಕಿತ್ತು: ನಾನು ಈಗಷ್ಟೇ ಹೇಳಿದ್ದು ಸುಳ್ಳು. ಅದೂ ಬೀಳ್ಕೊಡಲು ನಿಂತ ತಮ್ಮ ವಿದ್ಯಾರ್ಥಿಗಳ ಎದುರಿಗೆ. ಇಂಥ ಮಾತು ಹೇಳಲೆಂದೇ ಎಷ್ಟೋ ಮಕ್ಕಳನ್ನು ಕಂಡವರ ಬಾಗಿಲಿಗೆ ಕಳಿಸಿದ್ದ ಮನುಷ್ಯನಿಗೆ ಅವತ್ತು ನಾಲಿಗೆ ಏಳಲಿಲ್ಲ.

"ಹೋಗಿಬರ್ರಿ ಮೇಡಂ" ಎಂದರು.

ಆ ವರ್ಷದಿಂದ ಹೊಸಬರು ಸೇರಲಿಲ್ಲ. ಇದ್ದವರು ಒಬ್ಬೊಬ್ಬರಾಗಿ ಮುಗಿಸಿ ಹೊರಟರು. ಪತ್ರಿಕೆ ನಿಂತಿತು. ಬಸ್ ನಿಲ್ದಾಣದಲ್ಲಿ ಕೆಲವು ಸೋಮವಾರ ಮಂದಿ ಕೇಳಿದರು, ಆಮೇಲೆ ಬಿಟ್ಟರು.

ಕೋಣೆ ಖಾಲಿ ಮಾಡುವ ದಿನ ಹುಸೇನಸಾಬರು ಕೀಲಿಕೈ ಇಸಿದುಕೊಂಡು ಕಪಾಟು ತೆರೆದು ಪುಸ್ತಕ ಹೊರತೆಗೆದರು. ಮಹಾಂತಪ್ಪನವರು ಪೆನ್ನು ಹಿಡಿದು ಕೂತು, ಕೊನೆಯ ಸಾಲಿನ ಕೆಳಗೆ ಬರೆದರು: "ನಮ್ಮಲ್ಲಿ ತಪ್ಪು ಆಗುವುದಿಲ್ಲ ಎಂದು ಹೇಳಿದೆ."

"ತಪ್ಪೆಂದು ಯಾರು ಹೇಳಿದರು ಅನ್ನೋ ಕಡೆ ಯಾರ ಹೆಸರು ಬರೀಲಿ, ಹುಸೇನಸಾಬ್?"

"ನಂದೇ ಬರೀರಿ ಸರ. ಕೌದಿ ಹರದಿಲ್ಲಂತ ಅವತ್ತೇ ಹೇಳಿದ್ನಲ್ಲ."

ಬರೆದರು. ಪೆನ್ನು ಮೂರನೆಯ ಅಂಕಣಕ್ಕೆ ಬಂದು ನಿಂತಿತು. ತಿದ್ದುಪಡಿ ಹಾಕಲು ಮುಂದಿನ ಸಂಚಿಕೆಯೇ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು.

ನೀತಿ: ತಿದ್ದಿಕೊಂಡ ತಪ್ಪು ಅವಮಾನವಲ್ಲ, ಅದೇ ನಮ್ಮ ಅರ್ಹತಾಪತ್ರ. ಅದನ್ನು ಬಚ್ಚಿಟ್ಟವರು ತಮ್ಮ ಒಳ್ಳೆಯತನವನ್ನೇ ಬಚ್ಚಿಡುತ್ತಾರೆ. "ತಪ್ಪಾಯಿತು" ಎನ್ನುವುದನ್ನು ಬೇಗ ಹೇಳಿಬಿಡಿ. ತಡಮಾಡಿದರೆ ಹೇಳುವ ಮನಸ್ಸು ಬರಬಹುದು, ತಿದ್ದುವ ಜಾಗ ಉಳಿದಿರುವುದಿಲ್ಲ.