ಅರ್ಧಕ್ಕೆ ನಿಂತ ಸಾವಿನ ಸುದ್ದಿ

ಊರ ಸುದ್ದಿಯ ಬ್ಲಾಗಿನ ಯಜಮಾನ ಕೆಂಚಪ್ಪನವರದು ಒಂದೇ ಹಟ. "ಓದುಗರ ಫೋನಿಗೆ ಹೋಗೋ ಫೀಡಿನಲ್ಲಿ ಎರಡೇ ಸಾಲು ಬಿಡು. ಮಿಕ್ಕಿದ್ದು ಬೇಕಾದವರು ನಮ್ಮ ಬ್ಲಾಗಿನ ಬಾಗಿಲಿಗೆ ಬರಲಿ."

"ಸಾವಿನ ಸುದ್ದಿಯನ್ನಾದರೂ ಪೂರ್ತಿ ಬಿಡೋಣ ಸಾರ್," ಅಂದ ಸುದ್ದಿ ಹಾಕುವ ಗುಮಾಸ್ತ.

"ಸಾವಿಗೇ ಕಣಯ್ಯಾ ಜನ ಹೆಚ್ಚು ಬರೋದು!"

ದರ್ಜಿ ಗುರುಬಸಮ್ಮ ಸತ್ತಾಗ ಮಣ್ಣಿನ ಹೊತ್ತು ಮೂರನೇ ಸಾಲಿಗೆ ಬಿತ್ತು, ಫೀಡಿಗೆ ಹೋಗಲಿಲ್ಲ. ಹಳ್ಳಿಯ ನೆಂಟರಿಗೆ ಫೀಡು ಬರುತ್ತೆ, ಬ್ಲಾಗು ತೆರೆಯುವಷ್ಟು ಸಿಗ್ನಲ್ ಬರಲ್ಲ. ಚಟ್ಟಕ್ಕೆ ಹೆಗಲು ಸಾಲದೆ ಮಗ ಬೀದಿಯಲ್ಲಿ ನಿಂತು ಅತ್ತ. ಕೊನೆಗೆ ಗುಮಾಸ್ತನೇ ಹೋಗಿ ಹೆಗಲು ಕೊಟ್ಟ.

ಮುಂದಿನ ವಾರ ಯಜಮಾನರ ಫೋನು. "ಅಮ್ಮ ಹೋದಳು ಕಣೋ. ಮೂರು ಗಂಟೆಗೆ ಮಣ್ಣು. ಬೇಗ ಹಾಕು."

ಗುಮಾಸ್ತ ಮೆಲ್ಲಗೆ ಕೇಳಿದ, "ಅರ್ಧವೋ ಪೂರ್ತಿಯೋ ಸಾರ್?"

"ಪೂರ್ತಿ."

"ಇನ್ನು ಮೇಲೆ ಎಲ್ಲರ ಅಮ್ಮಂದಿರದೂ?"

ಯಜಮಾನರು ಬಿಕ್ಕಿದರು. ಗುಮಾಸ್ತ ಅದನ್ನೇ 'ಹೂಂ' ಅಂತ ತಗೊಂಡ.