ರಾಜವೈದ್ಯರು ಬಿಟ್ಟುಹೋದ ಓಲೆ

“ಹೊಂಗೆಪುರದ ಜನರೆಲ್ಲ ಕೇಳಿ. ಗತಿಸಿದ ರಾಜವೈದ್ಯರು ಮೂರು ಒಗಟು ಬಿಟ್ಟುಹೋಗಿದ್ದಾರೆ. ಬಿಡಿಸಿದವರಿಗೆ ಅವರ ಪೀಠ. ತಪ್ಪು ಹೇಳಿದವರಿಗೆ ಮರಣದಂಡನೆ.”

ಡಂಗುರ ಕೇಳಿದಾಗ ಮಾಚ ಅರಮನೆಯ ಬಚ್ಚಲು ತೊಳೆಯುತ್ತಿದ್ದ. ಅವನ ಅಪ್ಪನ ಕೆಲಸವೂ ಅದೇ ಆಗಿತ್ತು.

ಎರಡು ವರ್ಷದ ಹಿಂದೆ ರಾಜ ಕೆಂಪರಸರ ಎರಡೂ ಮೂತ್ರಪಿಂಡ ಕೆಟ್ಟು ಮೈಯೆಲ್ಲ ಊದಿತ್ತು. ತಂಗಿ ನೀಲಾಜಮ್ಮಣ್ಣಿ ತನ್ನದೊಂದನ್ನು ಕೊಟ್ಟಳು. ಮುದಿ ವೈದ್ಯರು ಅದನ್ನು ಅಣ್ಣನ ಹೊಟ್ಟೆಯಲ್ಲಿ ಕೂರಿಸಿ ಬದುಕಿಸಿದರು. ಈಗ ಆ ವೈದ್ಯರಿಲ್ಲ. ಕೊಟ್ಟ ಪಿಂಡ ಎಷ್ಟು ಕಾಲ ಬಾಳೀತು ಎಂದು ಕೇಳಿದರೆ ಬಂದ ವೈದ್ಯರೆಲ್ಲ ‘ನೂರು ವರ್ಷ’ ಎನ್ನುವವರೇ. ಆ ಮುಖಸ್ತುತಿಗೆ ಬೇಸತ್ತೇ ರಾಜರು ಇಂಥ ಷರತ್ತು ಹಾಕಿದ್ದರು.

ಮರುದಿನ ಮಾಚ ಸಭೆಯ ಬಾಗಿಲಲ್ಲಿ ನಿಂತು ನೋಡಿದ. ನೀಲಾಜಮ್ಮಣ್ಣಿ ಓಲೆ ಬಿಚ್ಚಿ ಮೊದಲನೆಯದನ್ನು ಓದಿದಳು: “ತವರು ಬಿಟ್ಟು ಬಂದದ್ದು, ಬಂದ ಮನೆಯ ನೀರನ್ನೆಲ್ಲ ಹಗಲೂ ರಾತ್ರಿ ಸೋಸುತ್ತದೆ. ಏನದು?”

“ಸೊಸೆ,” ಎಂದ ನಾಡಿ ಪಂಡಿತ. ಕಾವಲಿನವರು ಅವನನ್ನು ಕರೆದೊಯ್ದರು.

ಮುಂದೆ ಬಂದ ಜೋಯಿಸ ಬುದ್ಧಿವಂತ. “ಅಮ್ಮಣ್ಣಿಯವರು ಕೊಟ್ಟ ಮೂತ್ರಪಿಂಡ,” ಎಂದ. ಸಭೆ ತಲೆದೂಗಿತು.

ನೀಲಾಜಮ್ಮಣ್ಣಿ ಎರಡನೆಯದನ್ನು ಓದಿದಳು: “ಒಳಗಿದ್ದರೆ ಮೈಗೆ ಬಲ. ಜರಡಿ ಹರಿದರೆ ಹೊರಗೆ ಸೋರುತ್ತದೆ. ಏನದು?”

“ರಕ್ತ,” ಎಂದ ಜೋಯಿಸ.

“ಇದಕ್ಕೆ ಬಣ್ಣವಿಲ್ಲ ಅಂತ ಓಲೆಯ ಉತ್ತರದಲ್ಲಿದೆ ಜೋಯಿಸರೇ,” ಎಂದಳು ಆಕೆ ಮೆಲ್ಲಗೆ. ಅವನೂ ಸೆರೆಗೆ ಹೋದ. ಮತ್ಯಾರೂ ಏಳಲಿಲ್ಲ.

ತಿಂಗಳಿಂದ ಒಂದು ವಿಷಯ ಮಾಚನನ್ನು ಕೊರೆಯುತ್ತಿತ್ತು: ರಾಜರ ಮೂತ್ರದ ಪಾತ್ರೆಯಲ್ಲಿ ಏಳುವ ನೊರೆ ಎಷ್ಟು ಹೊತ್ತಾದರೂ ಇಳಿಯುತ್ತಿರಲಿಲ್ಲ. ಬೇರೆಯವರ ಪಾತ್ರೆಗಳನ್ನೂ ನೋಡಿದ್ದ, ಹಾಗಿರಲಿಲ್ಲ. ಯಾಕೆ ಹೀಗೆ ಎಂದು ಯೋಚಿಸುತ್ತಲೇ ಇದ್ದವನಿಗೆ ಒಗಟು ಕೇಳಿ ಉತ್ತರ ಹೊಳೆಯಿತು. ಅವನು ಸಭೆಯ ನಡುವೆ ಬಂದು ಕೈಮುಗಿದ.

“ಎರಡನೆಯದು ಮೈಯ ಸಾರ, ಬುದ್ಧಿ. ಮೊಟ್ಟೆಯ ಬಿಳಿ ಇರುತ್ತಲ್ಲ, ಅಂಥದ್ದು. ಪಿಂಡ ಸರಿಯಿದ್ದರೆ ಅದನ್ನ ಒಳಗೇ ಹಿಡಿದಿಟ್ಟುಕೊಳ್ಳುತ್ತೆ.”

ನೀಲಾಜಮ್ಮಣ್ಣಿ ಓಲೆ ನೋಡಿ ತಲೆಯೆತ್ತಿದಳು. “ಸರಿ. ಇನ್ನೊಂದಿದೆಯಪ್ಪ. ನೋವಿಲ್ಲದಾಗಲೇ ಬಂದು ಮುಂದಿನ ಕೇಡು ಹೇಳುತ್ತಾನೆ. ಎಲ್ಲರೂ ಅವನನ್ನು ನೋಡದೆ ಚೆಲ್ಲುತ್ತಾರೆ. ಯಾರವನು?”

“ಉಚ್ಚೆಯ ನೊರೆ ತಾಯಿ. ಚೆಲ್ಲುವವನು ನಾನೇ, ಅದಕ್ಕೇ ಗೊತ್ತು.” ಮಾಚ ರಾಜರ ಕಡೆ ತಿರುಗಿದ. “ಬುದ್ಧಿಯವರ ಪಾತ್ರೆಯಲ್ಲೂ ಒಂದು ತಿಂಗಳಿಂದ ಇದೆ.”

ಮಂತ್ರಿ ಎದ್ದು ನಿಂತ. “ಪ್ರಭುಗಳು ಗುಂಡುಕಲ್ಲಿನ ಹಾಗಿದ್ದಾರೆ. ಅಪಶಕುನ ನುಡಿಯುತ್ತೀಯಾ?”

“ಅವನು ತೋರಿಸಲಿ,” ಎಂದರು ರಾಜರು.

ಮಾಚ ರಾಜರ ಆ ಬೆಳಗಿನ ಮೂತ್ರವನ್ನು ತಾಮ್ರದ ಸೌಟಿನಲ್ಲಿ ತಂದು ದೀಪದ ಮೇಲೆ ಹಿಡಿದ. ಹಿಂದೆ ರಾಜರು ಊದಿಕೊಂಡಿದ್ದಾಗ ಮುದಿ ವೈದ್ಯರು ಹೀಗೆ ಕಾಯಿಸಿ, ಅದರ ಅರ್ಥ ಬಿಡಿಸಿ ಹೇಳುವುದನ್ನು ಅವನು ಕಂಡಿದ್ದ. ತಿಳಿಯಾಗಿದ್ದದ್ದು ಕಾಯುತ್ತಾ ಕಾಯುತ್ತಾ ಮೊಟ್ಟೆ ಬೆಂದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತು.

ರಾಜರು ತಂಗಿಯ ಕಡೆ ತಿರುಗಲಾರದೆ ಕೇಳಿದರು, “ಹಾಗಾದರೆ ಇವಳು ಕೊಟ್ಟದ್ದು ಹೋಯಿತೇ?”

“ಇಲ್ಲ ಬುದ್ಧಿ. ಇದು ಮುನ್ಸೂಚನೆ ಅಷ್ಟೆ. ಸುಮ್ಮನಿದ್ದರೆ ಪಿಂಡ ಬೇಗ ಸೋಲುತ್ತೆ. ಈಗಲೇ ಗೊತ್ತಾದ್ದರಿಂದ ಏನಾದರೂ ಮಾಡಬಹುದು.”

“ಇವನ ಮೂರನೆಯ ಉತ್ತರವೂ ಸರಿ. ಮಾಡಬೇಕಾದ್ದು ಇಲ್ಲೇ ಬರೆದಿದೆ ಅಣ್ಣ,” ಎಂದು ನೀಲಾಜಮ್ಮಣ್ಣಿ ಓಲೆಯ ಹಿಂಬದಿ ತೋರಿಸಿದಳು. ಉಪ್ಪು ಇಳಿಸುವುದು, ಗಿಡಮೂಲಿಕೆಯ ಕಷಾಯ, ದಿನವೂ ದೀಪದ ಪರೀಕ್ಷೆ.

ಪೀಠದ ಜೊತೆಗೆ ಇನ್ನೇನು ಬೇಕೆಂದು ರಾಜರು ಕೇಳಿದಾಗ ಮಾಚ ಸೆರೆಯಲ್ಲಿದ್ದ ಇಬ್ಬರ ಜೀವ ಕೇಳಿದ. ರಾಜರು ಕಾವಲಿನವರಿಗೆ, ಬಿಡಿ ಎಂದರು.

ಅಂದಿನಿಂದ ಪ್ರತಿ ಬೆಳಗ್ಗೆ ರಾಜ, ತಂಗಿ, ಹೊಸ ರಾಜವೈದ್ಯ ಮೂವರೂ ಒಂದು ಸೌಟಿನ ಮೇಲೆ ಬಗ್ಗಿ ನೋಡುತ್ತಿದ್ದರು. ಬಿಳುಪು ದಿನದಿನಕ್ಕೆ ತೆಳುವಾಯಿತು. ಐದನೆಯ ತಿಂಗಳ ಒಂದು ಬೆಳಗ್ಗೆ ಎಷ್ಟು ಕಾಯಿಸಿದರೂ ಸೌಟಿನ ತಳ ಕಾಣುತ್ತಲೇ ಇತ್ತು.